ನೀರು ತುಂಬಿರೋ ತೂತು ಕಲ್ಲಿಗೆ ಬಿಸಿ ತಾಗಿದ್ರೆ ಮಾಡೆಲ್ ಮಾಡೋದು ಹೇಗೆ

ಮೊದ್ಲೇ ಕೋಡ್ ಬರೆಯೋಕೆ ಕೂರ್ಬೇಡಿ. ಪೇಪರ್ ಮೇಲೆ ಮೂರು ಅನ್‌ನೋನ್ ಬರ್ಕೊಳ್ಳಿ, ಡಿಸ್‌ಪ್ಲೇಸ್‌ಮೆಂಟ್ (ಕಲ್ಲು ಎಷ್ಟು ಸರೀತು ಅನ್ನೋದು), ರಂಧ್ರದೊಳಗಿನ ನೀರಿನ ಪ್ರೆಶರ್, ಟೆಂಪರೇಚರ್. ಮೂರಕ್ಕೂ ಒಂದೊಂದು ಈಕ್ವೇಶನ್: ಬಲದ ಸಮತೋಲನ, ಡಾರ್ಸಿ ನಿಯಮ (ಪ್ರೆಶರ್ ವ್ಯತ್ಯಾಸಕ್ಕೆ ತಕ್ಕಂತೆ ನೀರು ಹರಿಯುತ್ತೆ ಅನ್ನೋದು) ಸೇರಿಸಿ ನೀರಿನ ಲೆಕ್ಕ, ಶಾಖದ ಲೆಕ್ಕ. ಕಲ್ಲಿನ ಸ್ಟ್ರೆಸ್ಸನ್ನೂ ನೀರಿನ ಪ್ರೆಶರನ್ನೂ 3ಡಿಯಲ್ಲಿ ಗಂಟು ಹಾಕಿದ್ದು 1941ರಲ್ಲಿ ಬಿಯೋ (Biot) ಅನ್ನೋ ವಿಜ್ಞಾನಿ, ಅಂದ್ರೆ ಭಾರ ಪೂರ್ತಿ ಕಲ್ಲೇ ಹೊರಲ್ಲ, ಒಂದು ಪಾಲು ನೀರೂ ಹೊರುತ್ತೆ.

ಎಡವೋದು ಬಿಸಿ ವಿಷ್ಯದಲ್ಲಿ. 20 ಡಿಗ್ರಿ ಹತ್ರ ನೀರು ಕಲ್ಲಿನ ಖನಿಜ ಕ್ವಾರ್ಟ್ಜ್‌ಗಿಂತ ಸುಮಾರು 6 ಪಟ್ಟು ಹಿಗ್ಗುತ್ತೆ, ಜೇಡಿಯಂಥದ್ರಲ್ಲಿ ಅದಕ್ಕೆ ಬೇಗ ಹೊರಗೆ ಹೋಗೋಕೆ ದಾರಿ ಇಲ್ದೆ ಪ್ರೆಶರ್ ಏರುತ್ತೆ, ನೀರಿನ ಈಕ್ವೇಶನಲ್ಲಿ ಈ ಹಿಗ್ಗೋದರ ಟರ್ಮ್ ಮಾತ್ರ ಬಿಡ್ಬೇಡಿ.

ಫೈನೈಟ್ ಎಲಿಮೆಂಟಲ್ಲಿ (ಕಲ್ಲನ್ನ ಚಿಕ್ಕ ಚಿಕ್ಕ ತುಂಡು ಮಾಡಿ ಲೆಕ್ಕ ಹಾಕೋ ವಿಧಾನ) ಪ್ರತಿ ತುಂಡಲ್ಲೂ ಡಿಸ್‌ಪ್ಲೇಸ್‌ಮೆಂಟ್‌ಗೆ ಕ್ವಾಡ್ರಾಟಿಕ್ (ಬಾಗಿದ ಗೆರೆ), ಪ್ರೆಶರ್‌ಗೆ ಲೀನಿಯರ್ (ನೇರ ಗೆರೆ) ಇಡಿ. ನಾನು ಎರಡಕ್ಕೂ ಲೀನಿಯರ್ ಇಟ್ಟು, ಪ್ರೆಶರ್ ಗ್ರಾಫ್ ಗರಗಸದ ಹಲ್ಲಿನ ಥರ ಬಂದು, ಎರಡು ದಿನ ಇಲ್ಲದ ಬಗ್ ಹುಡುಕಿದೀನಿ. ಆಮೇಲೆ ಬಿಸಿ ಆಫ್ ಮಾಡಿ ಟರ್ಜಾಗಿಯ 1ಡಿ ಉತ್ತರಕ್ಕೆ (ಭಾರ ಬಿದ್ದಾಗ ನೀರು ಹೊರಗೆ ಹೋಗಿ ಮಣ್ಣು ಕುಗ್ಗೋದರ ಲೆಕ್ಕ) ಹೋಲಿಸಿ, ತಾಳೆ ಆಗೋವರೆಗೂ ಟೆಂಪರೇಚರ್ ಮುಟ್ಬೇಡಿ.