ಮನೆಯಲ್ಲಿ ತತ್ವಪದ ರೆಕಾರ್ಡಿಂಗ್: ಗುಂಯ್, ಟರ್ರ್, ಟಿಕ್

ನಮ್ಮ ಕಾಕಾ ತತ್ವಪದ ಹಾಡುತ್ತಾರೆ. ಕೈಯಲ್ಲಿ ಏಕತಾರಿ, ಪಕ್ಕದಲ್ಲಿ ದಮ್ಮಡಿ ಬಾರಿಸುವವರೊಬ್ಬರು. ಕಲಬುರಗಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಎರಡು ವರ್ಷದಿಂದ ಅವರ ಹಾಡು ರೆಕಾರ್ಡ್ ಮಾಡುತ್ತಿದ್ದೇನೆ. ಒಂದು ಕಂಡೆನ್ಸರ್ ಮೈಕ್, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಒಂದು ಪುಟ್ಟ ಆಡಿಯೋ ಇಂಟರ್‌ಫೇಸ್, ಹಳೇ ಲ್ಯಾಪ್‌ಟಾಪ್. ಕಾಟ ಕೊಟ್ಟಿದ್ದು ಈ ಸಾಮಾನಿಗಿಂತ ಮನೆಯೇ ಜಾಸ್ತಿ.

ಮೊದಲ ದಿನ ಏಕತಾರಿ ನಿಂತ ಮೇಲೂ ಹೆಡ್‌ಫೋನಿನಲ್ಲಿ ಗುಂಯ್ ಅನ್ನುವುದು ನಿಲ್ಲಲಿಲ್ಲ. ಮೈಕ್ ಕೆಟ್ಟಿದೆ ಅಂದುಕೊಂಡು ಕೇಬಲ್ ಬದಲಿಸಿದೆ. ದುಡ್ಡು ದಂಡ. ನೀವು ಮೊದಲು ಮಾಡಬೇಕಾದ್ದು ಇಷ್ಟೇ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಗುಂಯ್ ಹೋಯಿತಾ? ಹಾಗಾದರೆ ಅದು ಕರೆಂಟಿನ ಸದ್ದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೇ 50, 100 ಹರ್ಟ್ಸ್ ಆಗಿ ಹಾಡಿನೊಳಗೆ ನುಸುಳುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಸದ್ದು ಬದಲಾದರೂ ಅನುಮಾನ ಅರ್ಥಿಂಗ್ ಮೇಲೆಯೇ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದಾಗ ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ! ತಂತಿ ಎಳೆಸಿದೆ. ಯಾರೋ ಹೇಳಿದರು ಅಂತ ಅರ್ಥ್ ಪಿನ್ ಮುರಿದು ಮಾತ್ರ ಹಾಕಬೇಡಿ. ಗುಂಯ್ ಹೋಗಬಹುದು, ಶಾಕ್ ಹೊಡೆದರೆ ಜೀವವೂ ಹೋದೀತು.

ಇನ್ನು ಪಡಸಾಲೆ. ನೆಲಕ್ಕೆ ಶಹಾಬಾದ್ ಪರಸಿ ಕಲ್ಲು, ಸುತ್ತ ಬೋಳು ಗೋಡೆ. ಚಪ್ಪಾಳೆ ಹೊಡೆದರೆ ಟರ್ರ್ ಅಂತ ವಾಪಸ್ ಬರುತ್ತದೆ. ಮೊಟ್ಟೆ ಟ್ರೇ ಅಂಟಿಸಿದೆ, ಪ್ರಯೋಜನವಾಗಲಿಲ್ಲ. ಅಷ್ಟು ತೆಳು ರಟ್ಟು ದನಿಯನ್ನು ಹೆಚ್ಚೇನೂ ಹೀರುವುದಿಲ್ಲ. ಕೆಲಸಕ್ಕೆ ಬಂದದ್ದು ಅವ್ವನ ಕೌದಿ. ಅದನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನದನ್ನು ಕಡಿಮೆ ಕೇಳುತ್ತದೆ, ಎದುರಿನದನ್ನು ಜಾಸ್ತಿ. ಎದುರು ಕಾಕಾ ಕೂತಿದ್ದಾರೆ, ಅವರ ಹಿಂದೆ ಗೋಡೆ. ಹಾಗಾಗಿ ಕೌದಿ ಕಾಕಾನ ಬೆನ್ನ ಹಿಂದೆ ಬರಬೇಕು. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿ. ಇನ್ನೊಂದನ್ನು ಪರಸಿ ಮೇಲೆ ಹಾಸಿ.

ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ಕೂಲರ್, ಫ್ಯಾನ್ ಬಂದ್ ಮಾಡಿ ಹಾಡು ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಬೆಳಿಗ್ಗೆ ಐದಕ್ಕೇ ಕೂರಿ. ಆರೂವರೆಗೆ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವುದು ಶುರು. ಅದೂ ತಾಳಕ್ಕೆ ಸರಿಯಾಗಿ ಬೀಳುವುದಿಲ್ಲ.

ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳುತ್ತದೆ ಅಂತ ಹಾಡುವವರು ತಡವರಿಸಿದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) 1024 ಇದ್ದದ್ದನ್ನು 128ಕ್ಕೆ ಇಳಿಸಿ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದೇ ಸಾಕು, ದನಿ ಲ್ಯಾಪ್‌ಟಾಪ್ ಸುತ್ತದೆ ನೇರ ಹೆಡ್‌ಫೋನಿಗೆ ಬರುತ್ತದೆ.

ಒಂದು ಸಲ ಕಾಕಾನ ದನಿ ರಾತ್ರೋರಾತ್ರಿ ಹುಡುಗನ ದನಿಯಾಗಿತ್ತು. ಹಾರ್ಮೋನಿಯಂನ ಯಾವ ಕೀಗೂ ಕೂಡುತ್ತಿಲ್ಲ. ತಪ್ಪಿದ್ದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಅನ್ನುವ ಅಂಕಿ. ರೆಕಾರ್ಡ್ ಆಗಿದ್ದು 44.1 ಕಿಲೋಹರ್ಟ್ಸ್‌ನಲ್ಲಿ, ಪ್ರಾಜೆಕ್ಟ್ ತೆರೆದಿದ್ದು 48ರಲ್ಲಿ. ಪರಿವರ್ತನೆಯಾಗದೆ ಹಾಗೇ ಓಡಿದರೆ ಶ್ರುತಿ ಸುಮಾರು ಒಂದೂವರೆ ಕೀ ಏರುತ್ತದೆ. ಎರಡೂ ಕಡೆ ಒಂದೇ ಅಂಕಿ ಇಡಿ.

ಟಿಕ್ ಸದ್ದು ಮಾತ್ರ ತಿಂಗಳುಗಟ್ಟಲೆ ಸತಾಯಿಸಿತು. ಇಳಿಸಿದ್ದಕ್ಕೇ ಇರಬೇಕು ಅಂತ ಬಫರ್ ಏರಿಸಿದೆ, ವೈಫೈ ಆರಿಸಿದೆ, ಯುಎಸ್‌ಬಿ ಕೇಬಲ್ ಬದಲಿಸಿದೆ. ಕೊನೆಗೆ ಕಾಕಾ ಇಲ್ಲದೆ ಬರೀ ಏಕತಾರಿ ರೆಕಾರ್ಡ್ ಮಾಡಿದೆ. ಟಿಕ್ ಇಲ್ಲ. ಕಾಕಾ ಬಂದು ಕೂತರು, ಟಿಕ್ ಬಂತು. ಕಣ್ಣು ಬಿಟ್ಟು ನೋಡಿದರೆ, ಉಸಿರು ಎಳೆದಾಗಲೆಲ್ಲ ಅವರ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಅಂಗಿಯ ಗುಂಡಿಗೆ ತಾಗುತ್ತಿತ್ತು.

ಕರಡಿಗೆ ತೆಗೆಯಿರಿ ಅನ್ನಲಾದೀತೆ? ಈಗ ಗುಂಡಿಯಿಲ್ಲದ ಬನಿಯನ್ ಹಾಕಿಸಿ ಕೂರಿಸುತ್ತೇನೆ. ಆ ಬಿಸಿಲಿಗೆ ಅವರಿಗೂ ಅದೇ ಆರಾಮ.