ಪಟಿಯಾಲದ ಆರು ವಾರಗಳಿಗೆ ನಾನು ತೆತ್ತದ್ದು

2016ರ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ವಾಲಿಬಾಲ್ ತಂಡದ ಹುಡುಗಿಯೊಬ್ಬಳು ಅಭ್ಯಾಸದ ನಡುವೆ ಮೊಳಕಾಲ ಕೆಳಗಿನ ಎಲುಬನ್ನು ಒತ್ತಿಕೊಂಡು ಅಂಕಣದ ಅಂಚಿನಲ್ಲಿ ಕುಳಿತುಬಿಟ್ಟಳು. ಒಂಬತ್ತನೇ ತರಗತಿಯವಳು, ತಂಡದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಜಿಗಿಯುವವಳು. "ಅಕ್ಕೋರೇ, ರಾತ್ರಿ ಮಲಗಿದರೂ ನೋಯುತ್ತದೆ" ಎಂದಳು. ನಾನು ದಿನವೂ ಅವಳಿಂದ ನೂರು ಕಪ್ಪೆ ಜಿಗಿತ ಮಾಡಿಸುತ್ತಿದ್ದೆ. ಅದೂ ಚಿರೆಕಲ್ಲಿನ ಗಟ್ಟಿ ನೆಲದ ಮೇಲೆ, ಬರಿಗಾಲಿನಲ್ಲಿ. ನನ್ನ ಮಾಸ್ತರು ನನ್ನಿಂದ ಹಾಗೆಯೇ ಮಾಡಿಸಿದ್ದರು, ನಾನು ಅದನ್ನೇ ಮುಂದುವರಿಸಿದ್ದೆ. ಅವಳನ್ನು ಕರೆದುಕೊಂಡು ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಇಷ್ಟು ಜಿಗಿತ ಯಾರು ಮಾಡಿಸಿದರು?"

ದೈಹಿಕ ಶಿಕ್ಷಣ ಶಿಕ್ಷಕರಾಗಲು ಬೇಕಾದ ಬಿ.ಪಿ.ಇಡಿ. ಪದವಿ ಓದಿದ್ದೆ. ಆದರೆ ಅಲ್ಲಿ ಹತ್ತಾರು ಆಟಗಳನ್ನು ಒಂದಿಷ್ಟೊಂದಿಷ್ಟು ಕಲಿಯುತ್ತೇವೆ. ಒಂದೇ ಆಟವನ್ನು ಬೆಳೆಯುವ ಮಕ್ಕಳಿಗೆ ವರ್ಷವಿಡೀ ಹೇಗೆ ಕಲಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅಂಕೋಲಾದಿಂದ ಭಟ್ಕಳದವರೆಗೆ ಯಾವ ಊರಿಗೆ ಹೋದರೂ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುತ್ತದೆ. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರದ ಕಂಬ ನೆಟ್ಟರೆ ಅಂಕಣ ಸಿದ್ಧ. ಆಟಗಾರರಿಗೆ ಇಲ್ಲಿ ಬರವಿಲ್ಲ. ತರಬೇತಿ ಪಡೆದ ತರಬೇತುದಾರರು ಎಷ್ಟು ಮಂದಿ ಎಂದು ಹುಡುಕಿದಾಗ ನನಗೆ ಸಿಕ್ಕವರನ್ನು ಬೆರಳಲ್ಲೇ ಎಣಿಸಬಹುದಿತ್ತು.

ವಿಚಾರಿಸಿದಾಗ ಮುಂದೆ ಮೂರು ದಾರಿಗಳಿದ್ದವು. ಪಂಜಾಬಿನ ಪಟಿಯಾಲದಲ್ಲಿರುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಒಂದು ವರ್ಷದ ಡಿಪ್ಲೊಮಾ, ಎನ್‌ಐಎಸ್‌ನದೇ ಆರು ವಾರಗಳ ಪ್ರಮಾಣಪತ್ರ ಕೋರ್ಸ್, ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್‌ನ ಒಂದನೇ ಹಂತದ ಕೋರ್ಸ್. ಕೊನೆಯದಕ್ಕೆ ರಾಷ್ಟ್ರೀಯ ಫೆಡರೇಶನ್ ಮೂಲಕವೇ ಹೋಗಬೇಕು, ಖಾಸಗಿ ಶಾಲೆಯ ಗುತ್ತಿಗೆ ಶಿಕ್ಷಕಿಗೆ ಅದು ಎಟುಕುವಂಥದ್ದಲ್ಲ. ಡಿಪ್ಲೊಮಾಕ್ಕೆ ಒಂದು ವರ್ಷ ಮನೆ ಬಿಡಬೇಕು, ಮಗನಿಗೆ ಆಗ ನಾಲ್ಕು ವರ್ಷ. ಉಳಿದದ್ದು ಆರು ವಾರಗಳ ಕೋರ್ಸ್. ಅರ್ಜಿ ಹಾಕಿದೆ, 2017ರ ಬೇಸಿಗೆಗೆ ಪಟಿಯಾಲದಲ್ಲಿ ಸ್ಥಾನ ಸಿಕ್ಕಿತು.

ಖರ್ಚಿನ ಮಾತು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹೋಗುವವರು ಮೊದಲು ಕೇಳುವುದು ಅದನ್ನೇ. ನನ್ನ ಸಂಬಳ ಆಗ ತಿಂಗಳಿಗೆ 9,000 ರೂಪಾಯಿ, ರಜೆಯ ತಿಂಗಳಿಗೆ ಅದೂ ಇಲ್ಲ. ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು 40,000 ತಂದೆ. ಶುಲ್ಕ ಮತ್ತು ಹಾಸ್ಟೆಲ್‌ಗಿಂತ ಸುತ್ತಮುತ್ತಲಿನ ಖರ್ಚುಗಳೇ ನನ್ನನ್ನು ಹಣ್ಣು ಮಾಡಿದವು. ಹೋಗಿ ಬರುವ ರೈಲು, ವೈದ್ಯಕೀಯ ಪ್ರಮಾಣಪತ್ರ, ಒಳಾಂಗಣಕ್ಕೊಂದು ಹೊರಾಂಗಣಕ್ಕೊಂದು ಜೊತೆ ಶೂ, ಟ್ರ್ಯಾಕ್ ಸೂಟ್, ಮಗನನ್ನು ನೋಡಿಕೊಳ್ಳಲು ಬಂದ ಆಯಿ ತನ್ನ ಕೂಲಿ ಬಿಟ್ಟದ್ದು. ಕೋರ್ಸ್ ಜೂನ್ ಕೊನೆಯವರೆಗೆ ಇತ್ತು. ಶಾಲೆ ತೆರೆದ ಮೇಲೂ ನಾನಿರಲಿಲ್ಲವಾದ್ದರಿಂದ ಜೂನ್ ತಿಂಗಳ ಸಂಬಳವನ್ನು ಆಡಳಿತ ಮಂಡಳಿ ಕೊಡಲಿಲ್ಲ. ಕಲಿತು ಬಂದದ್ದು ಅದೇ ಶಾಲೆಯ ಮಕ್ಕಳಿಗಾಗಿ ಎಂದು ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ನೋವು ಈಗಲೂ ಇದೆ.

ಅಂಕೋಲಾದಿಂದ ಪ್ಯಾಸೆಂಜರ್ ರೈಲಿನಲ್ಲಿ ಮಡಗಾಂವ್, ಅಲ್ಲಿಂದ ಗೋವಾ ಸಂಪರ್ಕ ಕ್ರಾಂತಿ ಹಿಡಿದು ಅಂಬಾಲ, ಅಲ್ಲಿಂದ ಬಸ್. ಪಟಿಯಾಲದ ಮೇ ತಿಂಗಳ ಬಿಸಿಲು ನಮ್ಮ ಕರಾವಳಿಯ ಸೆಕೆಯಂತಲ್ಲ, ಬೆವರು ಚರ್ಮದ ಮೇಲೆ ನಿಲ್ಲುವ ಮೊದಲೇ ಆರಿಹೋಗುತ್ತಿತ್ತು. ಸಂಸ್ಥೆ ಇರುವುದು ಪಟಿಯಾಲದ ಮಹಾರಾಜರ ಹಳೆಯ ಮೋತಿಬಾಗ್ ಅರಮನೆಯಲ್ಲಿ, 1961ರಿಂದ. ಮೊದಲ ದಿನ ಆ ಉದ್ದನೆಯ ಕಟ್ಟಡದ ಮುಂದೆ ನಿಂತು ಮನೆಗೆ ಫೋನ್ ಮಾಡಿ ಅತ್ತೆ.

ಪಾಠ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಬೆಳಿಗ್ಗೆ ಅಂಕಣ, ಮಧ್ಯಾಹ್ನ ಶರೀರಕ್ರಿಯೆ, ಚಲನೆಯ ವಿಜ್ಞಾನ, ಮನೋವಿಜ್ಞಾನ, ಸಂಜೆ ಮತ್ತೆ ಅಂಕಣ. ಎಲ್ಲವನ್ನೂ ಹೇಳುತ್ತಾ ಹೋಗುವುದಿಲ್ಲ. ನನ್ನನ್ನು ಬದಲಿಸಿದ್ದು ಎರಡನೇ ವಾರದ ಒಂದು ಬೆಳಗು.

ತರಬೇತುದಾರರು ಮೊಣಕಾಲೆತ್ತರದ ಮರದ ಪೆಟ್ಟಿಗೆಯೊಂದನ್ನು ಇಟ್ಟು ಒಬ್ಬೊಬ್ಬರನ್ನೇ ಅದರ ಮೇಲಿಂದ ಇಳಿಯಲು ಹೇಳಿದರು. ತಾವು ನಮ್ಮ ಕಡೆಗೆ ಬೆನ್ನು ಹಾಕಿ ನಿಂತರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. 'ಧಡ್' ಎಂದರೆ "ಮತ್ತೆ" ಎನ್ನುತ್ತಿದ್ದರು. ಎರಡೂ ಪಾದಗಳು ಒಟ್ಟಿಗೆ, ಮುಂಗಾಲು ಮೊದಲು ನೆಲ ಮುಟ್ಟಿ, ಮೊಣಕಾಲು ಪಾದದ ಬೆರಳುಗಳ ನೇರಕ್ಕೆ ಬಾಗಿ, ಒಳಕ್ಕೆ ಜರುಗದಂತೆ ಇಳಿದರೆ ಸದ್ದು ಬಹುತೇಕ ಇಲ್ಲವಾಗುತ್ತದೆ. ನಾನು ಏಳನೇ ಸಲಕ್ಕೆ ಸರಿಯಾಗಿ ಇಳಿದೆ. ಆಮೇಲೆ ಅವರು, ಒಂದು ಅಭ್ಯಾಸದಲ್ಲಿ ಮಗು ಎಷ್ಟು ಸಲ ನೆಲಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಬರೆದಿಡಬೇಕು ಎಂದರು. ಬ್ಲಾಕ್, ಸ್ಮ್ಯಾಶ್, ಜಂಪ್ ಸರ್ವಿಸ್ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ನಾನು ಅವುಗಳ ಮೇಲೆ ಇನ್ನೂ ನೂರು ಹೇರುತ್ತಿದ್ದೆ. ಆ ರಾತ್ರಿ ಹಾಸ್ಟೆಲ್‌ನಲ್ಲಿ ಕುಳಿತು ಆ ಹುಡುಗಿಯ ಒಂದು ದಿನದ ಜಿಗಿತಗಳನ್ನು ಕೂಡಿಸಿ ನೋಡಿದೆ. ಮೊತ್ತವನ್ನು ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ.

ಪ್ರಮಾಣಪತ್ರ ಬಂದಿತು. ಅದರಿಂದ ಕೆಲಸ ಸಿಗುತ್ತದೆ ಎಂದುಕೊಂಡು ಯಾರೂ ಹೋಗಬೇಡಿ. ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರ ಹುದ್ದೆಗೆ ಕೇಳುವುದು ಡಿಪ್ಲೊಮಾವನ್ನು. ನನಗೆ ಸಿಕ್ಕಿದ್ದು ಎರಡು ಬೇಸಿಗೆ ಶಿಬಿರಗಳ ಗೌರವಧನ. ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಆದರೂ ಹೋಗಬೇಕಿತ್ತೇ ಎಂದು ಕೇಳಿದರೆ ಹೌದು ಎನ್ನುತ್ತೇನೆ, ಎರಡು ಸಲ ಯೋಚಿಸದೆ.

ನನ್ನ ತಕರಾರು ಬೇರೆಯದು. ಮೂವತ್ತು ಶಿಕ್ಷಕರು ದೇಶದ ಇನ್ನೊಂದು ತುದಿಗೆ ಹೋಗುವ ಬದಲು ಇಬ್ಬರು ಬೋಧಕರು ಕಾರವಾರಕ್ಕೋ ಶಿರಸಿಗೋ ಹತ್ತು ದಿನ ಬಂದರೆ ಪ್ರಾಥಮಿಕ ಹಂತದ ಪಾಠ ಮುಗಿಯುತ್ತದೆ. ಸಮಯವನ್ನೂ ನಮ್ಮ ಜಿಲ್ಲೆ ನೋಡಿ ಇಡಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ ಪಂದ್ಯಾವಳಿ. ಜೂನ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ, ತರಬೇತಿ ಕೊಡುವ ಆಸೆಯಿರುವ ಮೀನುಗಾರ ಯುವಕರಿಗೆ ಎರಡು ತಿಂಗಳು ಬಿಡುವು. ಮಳೆಗೆ ಅಂಕಣ ನೀರಾಗಿರುತ್ತದೆ ನಿಜ, ಆದರೆ ಶಾಲೆಯ ಸಭಾಂಗಣದಲ್ಲಿ ಪೆಟ್ಟಿಗೆಯಿಂದ ಇಳಿಯುವುದನ್ನು ಕಲಿಸಲು ಅಂಕಣ ಬೇಕಿಲ್ಲ. ಪಾಠ ಕನ್ನಡದಲ್ಲಿರಬೇಕು. ನನ್ನ ಜೊತೆಗಿದ್ದ ನಮ್ಮ ರಾಜ್ಯದ ಇನ್ನೊಬ್ಬ ಶಿಕ್ಷಕರು ಆಟದಲ್ಲಿ ನನಗಿಂತ ಮುಂದಿದ್ದರು, ಭಾಷೆಗೆ ಹೆದರಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಲ್ಲಿ ಬರೆದುಕೊಂಡದ್ದನ್ನೆಲ್ಲ ಕನ್ನಡಕ್ಕೆ ತಂದು ತಲಾ ನೂರು ಪುಟದ ಎರಡು ನೋಟ್‌ಬುಕ್ ಮಾಡಿದ್ದೇನೆ. ಕೇಳಿದವರಿಗೆ ಜೆರಾಕ್ಸ್ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಆ ಹುಡುಗಿ ಸಂಪೂರ್ಣ ಗುಣವಾದಳು. ಅವಳ ಅಪ್ಪ ಮೀನುಗಾರ. ನಮ್ಮ ನೆಟ್ ಹರಿದಾಗಲೆಲ್ಲ ಬಲೆ ಹೆಣೆಯುವ ಸೂಜಿ ತಂದು ಅಂಕಣದ ಬದಿಯಲ್ಲೇ ಕುಳಿತು ಹೆಣೆದುಕೊಡುತ್ತಾರೆ. ಕಳೆದ ವಾರ ಹಾಗೆ ಕುಳಿತಿದ್ದಾಗ ನಾನು ಮಕ್ಕಳಿಗೆ ಬೆನ್ನು ಹಾಕಿ ನಿಂತು ಪೆಟ್ಟಿಗೆಯಿಂದ ಇಳಿಸುತ್ತಿದ್ದೆ. ಆರನೆಯವಳು ಇಳಿದದ್ದು ನನಗೆ ಕೇಳಿಸಲೇ ಇಲ್ಲ. "ಇಳಿದಾಯಿತು, ಅಕ್ಕೋರೇ" ಎಂದು ಸೂಜಿ ಹಿಡಿದ ಕೈಯೆತ್ತಿ ಅವರೇ ಹೇಳಬೇಕಾಯಿತು.