ದೃಢೀಕರಣ ಬೇಕೆಂದು ಮಕ್ಕಳೇ ಕೇಳಬೇಕು

ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಒಂಬತ್ತನೇ ಕ್ಲಾಸಿನಿಂದ ಫಸ್ಟ್ ಪಿಯುಸಿವರೆಗಿನ ಮಕ್ಕಳನ್ನು ದೃಢೀಕರಣ ಸಂಸ್ಕಾರಕ್ಕೆ ಸಿದ್ಧಪಡಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹಸುಗೂಸಾಗಿದ್ದಾಗ ಜ್ಞಾನಸ್ನಾನ (ಬ್ಯಾಪ್ಟಿಸಂ) ಪಡೆದ ಮಗು ದೊಡ್ಡದಾದ ಮೇಲೆ ತನ್ನ ವಿಶ್ವಾಸವನ್ನು ತಾನೇ ಹೇಳಿ, ಧರ್ಮಾಧ್ಯಕ್ಷರಿಂದ (ಬಿಷಪ್) ಹಣೆಗೆ ತೈಲ ಹಚ್ಚಿಸಿಕೊಳ್ಳುವ ಸಂಸ್ಕಾರ ಇದು. ಕನಕಪುರದ ಕಡೆಯ ಊರು ನಮ್ಮದು. ರೇಷ್ಮೆ, ಹಸು, ಬೆಂಗಳೂರಿನ ಗಾರ್ಮೆಂಟ್ಸ್, ಇದರಲ್ಲೇ ಮನೆಗಳು ನಡೆಯುತ್ತವೆ. ಭಾನುವಾರದ ಪೂಜೆ ಮುಗಿದ ಮೇಲೆ ಕ್ಲಾಸ್. ಅದೇ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಟ್ಯೂಷನ್ ಕೂಡ ಇರುತ್ತದೆ. ಅದಕ್ಕೇ ಜೂನ್‌ನಲ್ಲಿ ಮೊದಲು ಅಪ್ಪ ಅಮ್ಮಂದಿರನ್ನು ಕರೆದು ಕೂರಿಸಿ, ಇದಕ್ಕೆ ಒಂದು ವರ್ಷ ಬೇಕು, ಕೊನೆಯ ಎರಡು ವಾರದಲ್ಲಿ ಆಗುವ ಕೆಲಸ ಅಲ್ಲ ಎಂದು ಹೇಳಿಬಿಡುತ್ತೇನೆ.

ಆ ಸಭೆಯಲ್ಲೇ ಜ್ಞಾನಸ್ನಾನದ ಪ್ರಮಾಣಪತ್ರವನ್ನೂ ಕೇಳುತ್ತೇನೆ. ಬೇರೆ ಊರಿನಿಂದ ಬಂದ ಕುಟುಂಬಗಳಿಗೆ ಅದನ್ನು ತರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದೃಢೀಕರಣವಾದ ಮೇಲೆ ಅದರ ವಿವರ ಜ್ಞಾನಸ್ನಾನವಾದ ಧರ್ಮಕೇಂದ್ರದ ದಾಖಲೆಗೆ ಹೋಗಬೇಕು. ಮುಂದೆ ಮದುವೆಗೆ ಪತ್ರ ತೆಗೆಸುವಾಗ ಅದು ಬೇಕೇ ಬೇಕು.

ಇನ್ನು ಪಾಠದ ವಿಷಯ. ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ಜ್ಞಾನ, ವಿವೇಕ, ಆಲೋಚನೆ, ಸ್ಥೈರ್ಯ, ತಿಳುವಳಿಕೆ, ಭಕ್ತಿ, ದೈವಭಯ: ಒಂದು ಭಾನುವಾರದಲ್ಲಿ ಎಲ್ಲರೂ ಗಡಗಡ ಹೇಳುತ್ತಾರೆ. ಬಾಯಿಪಾಠ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ದೃಢೀಕರಣವಾಯಿತೆಂದರೆ ಕ್ಯಾಟಿಕಿಸಂ, ಅಂದರೆ ಧರ್ಮಪಾಠ, ಮುಗಿಯಿತು, ಇನ್ನು ಮಕ್ಕಳು ದೇವಾಲಯದ ಕಡೆ ತಲೆ ಹಾಕದಿದ್ದರೂ ಆಯಿತು ಎಂಬ ಲೆಕ್ಕವಿದೆ. ಆ ಲೆಕ್ಕವನ್ನು ಮುರಿಯುವುದೇ ನನ್ನ ಕೆಲಸ ಎಂದುಕೊಂಡಿದ್ದೇನೆ. ಹಸುಗೂಸಾಗಿದ್ದಾಗ ಅಪ್ಪ ಅಮ್ಮ, ಜ್ಞಾನತಂದೆ ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಮಗುವಿನ ಪರವಾಗಿ ವಿಶ್ವಾಸದ ಮಾತು ಕೊಟ್ಟಿದ್ದರು. ಧರ್ಮಾಧ್ಯಕ್ಷರ ಮುಂದೆ ನಿಂತು ಈಗ ಅದನ್ನು ತಾನೇ ಹೇಳಬೇಕು. ಹೇಳುವ ಮನಸ್ಸಿಲ್ಲದ ಮಗುವನ್ನು ಸಾಲಿನಲ್ಲಿ ತಳ್ಳಿ ನಿಲ್ಲಿಸಿದರೆ ಯಾರಿಗೆ ಲಾಭ?

ಒಂದು ವರ್ಷ ಕ್ರಿಸ್ಮಸ್ ಕಳೆದ ಮೇಲೆ ಒಬ್ಬ ಹುಡುಗ ಕ್ಲಾಸ್ ಮುಗಿದರೂ ಹೋಗದೆ ನಿಂತಿದ್ದ. "ಮಿಸ್, ನಂಗೆ ಈ ಸಲ ಬೇಡ ಅನ್ನಿಸ್ತಿದೆ. ಮನೇಲಿ ಹೇಳಿದ್ರೆ ಹೊಡೀತಾರೆ" ಅಂದ. ನಂಬಿಕೆ ಇಲ್ಲವೇನೋ ಅಂದೆ. "ಇದೆ, ಆದ್ರೆ ಅಜ್ಜಿ ಸತ್ತಾಗಿಂದ ಪ್ರಾರ್ಥನೆ ಮಾಡೋಕಾಗ್ತಿಲ್ಲ. ಮಾಡದೇ ಇರೋನು ಅಲ್ಲಿ ನಿಂತು ಮಾತು ಕೊಟ್ರೆ ಸುಳ್ಳಾಗಲ್ವಾ?" ಇಷ್ಟು ಗಂಭೀರವಾಗಿ ಯೋಚಿಸಿದ ಹುಡುಗನಿಗೆ ಬುದ್ಧಿವಾದದ ಅಗತ್ಯವಿರಲಿಲ್ಲ. ಸಿದ್ಧನಿಲ್ಲದವನನ್ನು ಒತ್ತಾಯಿಸುವುದು ಬೇಡ ಎಂದು ಫಾದರ್ ಹತ್ತಿರ ಮಾತಾಡಿದೆ. ಧರ್ಮಸಭೆಯ ಕಾನೂನಿನ 889ನೇ ವಿಧಿಯೂ ಅದನ್ನೇ ಹೇಳುತ್ತದೆ. ಅರಿವು ಬಂದವರು ತಕ್ಕ ಬೋಧನೆ ಪಡೆದಿರಬೇಕು, ಮನಸ್ಸು ಅಣಿಯಾಗಿರಬೇಕು, ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಲು ಶಕ್ತರಾಗಿರಬೇಕು. ಫಾದರ್ ಅವನ ಮನೆಗೆ ಹೋಗಿ ಅಪ್ಪನಿಗೆ ತಿಳಿಹೇಳಿದರು. ಊರವರು ಏನೆಂದಾರು ಎಂಬುದೇ ಆ ಅಪ್ಪನ ಚಿಂತೆಯಾಗಿತ್ತು. ಹುಡುಗ ಆ ವರ್ಷ ಬಿಟ್ಟ, ಆದರೆ ಕ್ಲಾಸಿಗೆ ಬರುವುದನ್ನು ಬಿಡಲಿಲ್ಲ. ಮುಂದಿನ ವರ್ಷ ತಾನೇ ಬಂದು ಹೆಸರು ಕೊಟ್ಟ.

ಇದರ ಜೊತೆಗೇ ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತೇನೆ, ಇಲ್ಲದಿದ್ದರೆ ಮಕ್ಕಳು ತಪ್ಪು ತಿಳಿಯುತ್ತಾರೆ. ದೃಢೀಕರಣ ಒಳ್ಳೆಯ ಮಕ್ಕಳಿಗೆ ಕೊಡುವ ಬಹುಮಾನವಲ್ಲ. ಕೊಡುವವರು ದೇವರು, ನಾವು ಕೈಚಾಚಿ ನಿಲ್ಲುವವರು. ಇದಕ್ಕೆ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಟನೇ ಅಧ್ಯಾಯ ಓದಿಸುತ್ತೇನೆ. ಸಮಾರಿಯದವರು ಜ್ಞಾನಸ್ನಾನ ಪಡೆದಿದ್ದರು, ಆದರೆ ಪವಿತ್ರಾತ್ಮರು ಇನ್ನೂ ಅವರ ಮೇಲೆ ಇಳಿದಿರಲಿಲ್ಲ. ಯೇಸುವಿನ ಪ್ರೇಷಿತ ಶಿಷ್ಯರಾದ ಪೇತ್ರ, ಯೊವಾನ್ನ ಜೆರುಸಲೇಮಿನಿಂದ ಅಲ್ಲಿಗೆ ಹೋಗಿ, ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟರು. ಪ್ರೇಷಿತರ ಉತ್ತರಾಧಿಕಾರಿಯಾದ ಧರ್ಮಾಧ್ಯಕ್ಷರು ನಮ್ಮಂಥ ಹಳ್ಳಿಗೂ ಬರುವುದು ಅದೇ ಕಾರಣಕ್ಕೆ ಎಂದಾಗ ಮಕ್ಕಳ ಮುಖ ಅರಳುತ್ತದೆ.

ತೈಲದ ಪಾಠ ಅವರಿಗೆ ತುಂಬ ಇಷ್ಟ. ಫಾದರ್ ಪವಿತ್ರ ಕ್ರಿಸ್ಮ ತೈಲದ ಪುಟ್ಟ ಡಬ್ಬಿಯನ್ನು ತಂದು ಮುಚ್ಚಳ ತೆಗೆಯುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಾಗಿ ಮೂಸುತ್ತಾರೆ. ಆಲಿವ್ ಎಣ್ಣೆಗೆ ಸುಗಂಧದ್ರವ್ಯ ಬೆರೆಸಿ, ಪವಿತ್ರ ವಾರದ ವಿಶೇಷ ಪೂಜೆಯಲ್ಲಿ ಧರ್ಮಾಧ್ಯಕ್ಷರು ಅದನ್ನು ಪವಿತ್ರೀಕರಿಸುತ್ತಾರೆ. ಮಗುವಿನ ಜ್ಞಾನಸ್ನಾನದಲ್ಲೂ ಫಾದರ್ ಆಗುವವರ ಗುರುದೀಕ್ಷೆಯಲ್ಲೂ ಹಚ್ಚುವುದು ಇದೇ ತೈಲವನ್ನು. "ಹಾಗಾದ್ರೆ ಇದು ನನ್ನ ತಲೆಗೆ ಒಂದು ಸಲ ಆಗ್ಲೇ ಬಿದ್ದಿದ್ಯಾ ಮಿಸ್?" ಎಂದು ಒಬ್ಬಳು ಕೇಳಿದ್ದಳು. ಹೌದು, ನಿನಗೆ ನೆನಪಿಲ್ಲ ಅಷ್ಟೆ. ಹಣೆಗೆ ತೈಲ ಹಚ್ಚುತ್ತಾ ಧರ್ಮಾಧ್ಯಕ್ಷರು ಹೇಳುವ ಈಗಿನ ಮಾತು ಆರನೇ ಪೌಲ್ ಪೋಪರು 1971ರಲ್ಲಿ ಗೊತ್ತುಮಾಡಿದ್ದು. ಕೆನ್ನೆಗೆ ಮೆಲ್ಲಗೆ ತಟ್ಟುವ ಹಳೆಯ ಪದ್ಧತಿ ಈಗಿನ ವಿಧಿಯಲ್ಲಿಲ್ಲ. ಅಜ್ಜಂದಿರು ಆ ಏಟಿನ ಕತೆ ಹೇಳಿ ಮಕ್ಕಳನ್ನು ಹೆದರಿಸಿರುತ್ತಾರಾದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು.

ನಾನು ಹೆಚ್ಚು ಸಮಯ ಕೊಡುವುದು ದೃಢೀಕರಣದಲ್ಲಿ ಮಗುವಿನ ಜೊತೆ ನಿಲ್ಲುವ ಜ್ಞಾನತಂದೆ ಅಥವಾ ಜ್ಞಾನತಾಯಿಯ ಆಯ್ಕೆಗೆ. ಹದಿನಾರು ತುಂಬಿರಬೇಕು, ತಾವೂ ದೃಢೀಕರಣ ಪಡೆದ ಕಥೋಲಿಕರಾಗಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು. ಹೆತ್ತ ಅಪ್ಪ ಅಮ್ಮ ಆಗುವಂತಿಲ್ಲ. ಜ್ಞಾನಸ್ನಾನದಲ್ಲಿ ನಿಂತವರೇ ಇಲ್ಲೂ ನಿಂತರೆ ಒಳ್ಳೆಯದು ಎನ್ನುತ್ತದೆ ಕಾನೂನು. ಮನೆಯವರು ಮಾತ್ರ ವಾಚು ಕೊಡಿಸಬಲ್ಲ ಮಾವನನ್ನೋ ಬೆಂಗಳೂರಿನ ಚಿಕ್ಕಪ್ಪನನ್ನೋ ಮೊದಲೇ ಗೊತ್ತುಮಾಡಿರುತ್ತಾರೆ. ನಾನು ಮಕ್ಕಳಿಗೆ ಕೇಳುವುದು ಒಂದೇ: ನೀನು ಕೆಟ್ಟ ಸುದ್ದಿಯೊಂದನ್ನು ಮೊದಲು ಯಾರ ಹತ್ತಿರ ಹೇಳ್ತೀಯ?

ಒಬ್ಬ ಹುಡುಗಿ ಪಕ್ಕದ ಬೀದಿಯ ಆಂಟಿಯ ಹೆಸರು ಹೇಳಿದಳು. ಆಕೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಕೂಲಿಗೆ ಹೋಗುವವರು. "ನಾನು ಓದಿಲ್ಲ, ನನ್ನನ್ನ ಯಾಕೆ ಕರೀತೀಯ ಮಗಳೇ" ಎಂದು ಹಿಂಜರಿದಿದ್ದರಂತೆ. ಜ್ಞಾನತಾಯಿಯ ಜೊತೆ ಕೂತು, ಅವರ ಕಷ್ಟದ ಕಾಲದಲ್ಲಿ ದೇವರನ್ನು ಹೇಗೆ ಹಿಡಿದುಕೊಂಡರು ಎಂದು ಕೇಳಿ ಬರುವುದು ನಾನು ಎಲ್ಲರಿಗೂ ಕೊಡುವ ಮನೆಗೆಲಸ. ಗಂಡ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ, ಬಿಸಿನೀರಿನಲ್ಲಿ ಬೆಂದ ಬೆರಳುಗಳಲ್ಲಿ ಜಪಸರದ ಮಣಿ ಹಿಡಿಯಲಾಗದೆ, ವಾರ್ಡಿನ ಕಿಟಕಿಯ ಸರಳುಗಳನ್ನು ಎಣಿಸುತ್ತಾ ಜಪಮಾಲೆ ಹೇಳಿದ್ದನ್ನು ಆಕೆ ಹೇಳಿದ್ದರು. ಸ್ಥೈರ್ಯ ಎಂಬ ವರಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ಸಂತ ದೇವಸಹಾಯಂ ಅವರದು: 1745ರಲ್ಲಿ ಜ್ಞಾನಸ್ನಾನ ಪಡೆದು, ಸೆರೆವಾಸ ಅನುಭವಿಸಿ, 1752ರಲ್ಲಿ ಹುತಾತ್ಮರಾದ ಗೃಹಸ್ಥ. ಈಗ ಅವರ ಕತೆಯ ಬೆನ್ನಿಗೇ ಆಂಟಿಯ ಕತೆಯನ್ನೂ, ಆಕೆಯ ಒಪ್ಪಿಗೆ ಪಡೆದು, ಹೇಳುತ್ತೇನೆ.

ಕೊನೆಯ ತಿಂಗಳಲ್ಲಿ ಪ್ರತಿಯೊಬ್ಬರೂ ಧರ್ಮಾಧ್ಯಕ್ಷರಿಗೆ ಪತ್ರ ಬರೆಯುತ್ತಾರೆ. ನನಗೆ ಈ ಸಂಸ್ಕಾರ ಯಾಕೆ ಬೇಕು ಎಂಬುದಷ್ಟೇ ವಿಷಯ. ನಾಲ್ಕು ಸಾಲಾದರೂ ಸಾಕು, ಬೋರ್ಡಿನ ಮೇಲೆ ಮಾದರಿ ಬರೆದುಕೊಡುವುದಿಲ್ಲ, ನಾನು ಓದುವುದೂ ಇಲ್ಲ. ಅಂಟಿಸಿದ ಲಕೋಟೆಗಳು ಫಾದರ್ ಕೈಗೆ ಹೋಗುತ್ತವೆ. ಸಂಸ್ಕಾರದ ಹಿಂದಿನ ದಿನ ಸಂಜೆ ಪಾಪನಿವೇದನೆ. ಬೇರೆ ಧರ್ಮಕೇಂದ್ರದ ಗುರುಗಳೊಬ್ಬರನ್ನೂ ಕರೆಸುವಂತೆ ಕೇಳಿಕೊಳ್ಳುತ್ತೇನೆ, ಈ ವಯಸ್ಸಿನವರು ದಿನಾ ನೋಡುವ ಫಾದರ್ ಹತ್ತಿರ ಬಾಯಿ ಬಿಡಲು ನಾಚುತ್ತಾರೆ. ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು: ಮನೆಯಲ್ಲಿರುವ ಒಳ್ಳೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹಾಕಿಕೊಂಡು ಬನ್ನಿ, ಸಾಲ ಮಾಡಿ ಬಿಳಿ ಗೌನು ಹೊಲಿಸಬೇಡಿ.

ಸಂಸ್ಕಾರದ ಮರುವಾರಕ್ಕೆ ಪ್ರತಿಯೊಬ್ಬರ ಹೆಸರಿಗೂ ಒಂದು ಕೆಲಸ ಬರೆದಿಟ್ಟಿರುತ್ತೇನೆ. ಒಬ್ಬರಿಗೆ ಪೂಜೆಯಲ್ಲಿ ಬೈಬಲ್ ವಾಚನ, ಇನ್ನೊಬ್ಬರಿಗೆ ಗಾಯನವೃಂದ, ಕೆಲವರಿಗೆ ಚಿಕ್ಕ ಮಕ್ಕಳ ಕ್ಲಾಸಿನಲ್ಲಿ ಸಹಾಯ. ಉಳಿದವರು ಹಾಸಿಗೆ ಹಿಡಿದ ಹಿರಿಯರಿಗೆ ಫಾದರ್ ಪರಮಪ್ರಸಾದ (ಕಮ್ಯೂನಿಯನ್) ಒಯ್ಯುವಾಗ ಜೊತೆಗೆ ಹೋಗುತ್ತಾರೆ. ಪಟ್ಟಿಯನ್ನು ಧರ್ಮಾಧ್ಯಕ್ಷರು ಬರುವ ಮೊದಲೇ ದೇವಾಲಯದ ಬಾಗಿಲಿಗೆ ಅಂಟಿಸುತ್ತೇನೆ, ಅಪ್ಪ ಅಮ್ಮಂದಿರೂ ಓದಿಕೊಳ್ಳಲಿ ಅಂತ.